ಒಂದೇ ಟೇಕು

ಸಜ್ಜಿ ರಾಶಿ ಮುಗಿದಿತ್ತು, ಸಿನಿಮಾದವರು ಬಂದ್ರು
ಕನಕಗಿರಿ ಸೀಮಿಯ ನಮ್ಮೂರಿಗೆ.
ಎರಡು ವ್ಯಾನು, ಒಂದು ಜನರೇಟರು.
ಬಂಡಿಗಲ್ಲಿನ ಗುಡ್ಡ ನೋಡಿ
ಬಾಡಿಗಿ ಇಲ್ಲದ ಸೆಟ್ಟು ಅಂತ ನಕ್ಕರು.

ಕತಿ ನಗಿಯದು.
ಸಾಲಿ ಮುಚ್ಚಾಕ ಸಾಹೇಬ ಬರ್ತಾನ,
ಇಪ್ಪತ್ತು ಮಕ್ಕಳು ಬೇಕು, ಇರೋದು ಹನ್ನೊಂದು.
ಸಾಲಿ ಸಲುವಾಗಿ ಹುಡುಗರ್ನ ಸಾಲ ತರತೈತಿ ಊರು
ಹಳ್ಳದ ಆಚಿ ದಂಡಿಯಿಂದ, ಒಂಬತ್ತು ಮಂದಿ.
ನಮ್ಮ ಗ್ಯಾನವ್ವಗ ಒಂದೇ ಮಾತು:
‘ಇವ ನನ್ನ ಮೊಮ್ಮಗರೀ, ಸಾಹೇಬ್ರ.’

ಹದಿನೇಳು ಸಲ ಕ್ಯಾಮೆರಾ ತಿರುಗಿತು.
ಹದಿನೇಳು ಸಲ ಆಕಿ ಬಾಯಿ ತೆರೆದು, ಮುಚ್ಚಿ,
ಹುಡುಗನ ಮಾರಿ ನೋಡಿ, ಸೆರಗು ಹಲ್ಲಾಗ ಕಚ್ಚಿ,
‘ಹಡಿಯದ್ದನ್ನ ಹಡದೀನಿ ಅಂತ
ಹೆಂಗನ್ನಲೋ ಯಪ್ಪಾ? ಈ ಮಿಷನ್ನು ನೋಡಾಕತ್ತೈತಿ.’
ಡೈರೆಕ್ಟರು ಟೊಪಗಿ ತೆಗೆದು ತಲಿ ತುರಿಸಿಕೊಂಡ.
‘ಇದು ಸುಳ್ಳಲ್ಲವ್ವ, ನಟನಾ.’
‘ಹಂಗಾರ ನಟನಾದಾಗ ನೀನೂ ನನ್ನ ಮೊಮ್ಮಗ ಆಗು,
ಎರಡು ಕೊಡ ನೀರು ತಂದು ಹಾಕು.’

ಅದೇ ವಾರ ಟಿಸಿ ಸುಟ್ಟಿತು.
ಮೂರು ದಿನ ಕರೆಂಟಿಲ್ಲ, ಮನಿಮನಿ ಹಿಟ್ಟಿನ ಡಬ್ಬಿ ತಳ ಕಂಡವು.
ಗಿರಣಿ ನಂದು. ಅಪ್ಪನ ಕಾಲದ ಡೀಸೆಲ್ ಇಂಜಿನ್ನು
ಮೂಲ್ಯಾಗ ಗೋಣಿಚೀಲ ಹೊದ್ದು ಮಲಗಿತ್ತು.
ನಡುರಾತ್ರಿ ಸಿರುಗುಪ್ಪದ ಲೈಟ್ ಹುಡುಗ
ಚಾಂದ್‌ಪಾಷ, ಎರಡು ಕ್ಯಾನು ಹೊತ್ತು ಬಂದ.
‘ಮಾಮಾ, ಅಲ್ಲಿ ದೀಪಕ್ಕ ಸುಡೋದು,
ಇಲ್ಲಿ ರೊಟ್ಟಿಗೆ ಸುಡಲಿ.’

ಗಿರಣಿ ತಿರುಗಿತು.
ಬೆಳಗಾಗೂದ್ರಾಗ ಊರತುಂಬ ರೊಟ್ಟಿ ಬಡಿಯೋ ಸಪ್ಪಳ.
ಸಿನಿಮಾದ ಮ್ಯಾನೇಜರೂ ಮೂರು ತಿಂದ,
ಶೇಂಗಾ ಹಿಂಡಿ ಹಚ್ಚಿಕೊಂಡು.

ತಿಂದು ಎದ್ದಮ್ಯಾಲೆ ಕ್ಯಾನು ಎಣಿಸಿದ.

ಮಧ್ಯಾಹ್ನ ಪೊಲೀಸಪ್ಪ ಬಂದ. ಕಟ್ಟಿಮ್ಯಾಲೆ ಊರು.
ಅಂಗಿಯ ಡೀಸೆಲ್ ವಾಸನಿ ಹಿಡಿದು
ಚಾಂದ್‌ಪಾಷನ ಕೊರಳಪಟ್ಟಿಗೆ ಕೈ ಹಾಕಿದ.
ಗ್ಯಾನವ್ವ ಎದ್ದು ನಿಂತಳು.
‘ಇವ ನನ್ನ ಮೊಮ್ಮಗರೀ, ಸಾಹೇಬ್ರ.
ರಾತ್ರಿ ನನ್ನ ಬಗಲಾಗ ಮಲಗಿದ್ದ.’
‘ಹೆಸರೇನಲೇ?’ ಹುಡುಗ ಹೆದರಿ ಖರೇನ ಅಂದುಬಿಟ್ಟ,
‘ಚಾಂದ್‌ಪಾಷ.’
ಆಕಿ ರೆಪ್ಪಿ ಬಡಿಯಲಿಲ್ಲ.
‘ದರ್ಗಾಕ್ಕ ಹರಕಿ ಹೊತ್ತು ಹುಟ್ಟಿದಾಂವರೀ. ಹೆಸರು ಅವರದು, ಕೂಸು ನಮ್ಮದು.’

ಒಂದೇ ಟೇಕು.
ಡೈರೆಕ್ಟರು ಬೇವಿನ ಗಿಡದ ಬುಡಕ್ಕ ಕುಂತುಬಿಟ್ಟ,
ಕ್ಯಾಮೆರಾ ಪೆಟ್ಟಿಗ್ಯಾಗ ಬೀಗ ಹಾಕಿಕೊಂಡಿತ್ತು.
ಪೊಲೀಸಪ್ಪಗೂ ಗೊತ್ತಾಗಿತ್ತು. ಮೀಸಿ ತಿಕ್ಕಿಕೊಂಡು
‘ಊರೇ ಅಜ್ಜಿ ಆದಮ್ಯಾಲೆ ನಾನೇನು ಬರಕೊಳ್ಳಲಿ’ ಅಂದು
ನಾಲ್ಕು ರೊಟ್ಟಿ ಕಟ್ಟಿಸಿಕೊಂಡು ಹೋದ.

ಇಲ್ಲಿಗೆ ಮುಗಿದಿದ್ದರ ಚಲೋ ಇತ್ತು.

ಜನರೇಟರು ಕಾಯಾಂವ ಯಂಕೋಬ, ನಮ್ಮೂರಾಂವನೇ.
ಅವನ ನಾಲ್ಕು ದಿನದ ಪಗಾರ ಮುರಕೊಂಡ್ರು.
ಕಟ್ಟಿಮ್ಯಾಲೆ ಅವನೂ ಇದ್ದ, ಎಲ್ಲ ಬಲ್ಲಾಂವ,
ತುಟಿ ಪಿಟಕ್ ಅನ್ನಲಿಲ್ಲ.
ಗ್ಯಾನವ್ವ ಆ ನಾಲ್ಕೂ ದಿನ ಅವನ ಮನಿಗೆ ಬುತ್ತಿ ಒಯ್ದಳು.
ತಿಂದ. ‘ಉಪ್ಪು ಕಡಿಮಿ ಐತವ್ವ’ ಅಂದ, ಅಷ್ಟ.

ನನ್ನ ಯಾರೂ ಕೇಳಲಿಲ್ಲ.
ಕೇಳಿದ್ದರ ಏನಂತಿದ್ದೆನೋ.
ಒಂದು ಮಾತು ಇಲ್ಲಿ ಹೇಳಿಬಿಡತೀನಿ:
ಆ ರಾತ್ರಿ ಬಿಟ್ಟಿ ಡೀಸೆಲ್ಲಿಗೆ
ನಾನು ಸೇರಿಗಿಷ್ಟು ಅಂತ ಬೀಸೋ ರೊಕ್ಕ ಇಸಕೊಂಡಿದ್ದೆ,
ಎಲ್ಲರ ಹತ್ತಿರ. ಗ್ಯಾನವ್ವನ ಹತ್ತಿರಾನೂ.

ಗಂಗಾವತಿ ಟಾಕೀಸಿನ್ಯಾಗ ಸಿನಿಮಾ ನೋಡಿದಿವಿ, ಟ್ರ್ಯಾಕ್ಟರ್ ಕಟ್ಟಿಕೊಂಡು ಹೋಗಿ.
ಗ್ಯಾನವ್ವನ ಜಾಗದಾಗ ಬ್ಯಾರೆ ಯಾರೋ ಮುದುಕಿ,
ಮಾತು ನುಣ್ಣಗ ಅಂದಳು, ಜನ ಶಿಳ್ಳಿ ಹಾಕಿದ್ರು.
‘ನೋಡು, ಎಷ್ಟು ಚಂದ ಸುಳ್ಳು ಹೇಳತಾಳ’ ಅಂದಳು ನಮ್ಮಾಕಿ,
ಖರೇನ ಬೆರಗಾಗಿ.
ನಾನು ತಿರುಗಿ ಯಂಕೋಬನ ಮಾರಿ ನೋಡಿದೆ.
ಎಲ್ಲರು ನಗೋ ಜಾಗದಾಗ ಅವನೂ ನಗಾಕತ್ತಿದ್ದ,
ಒಂದು ಗಳಿಗಿ ತಡಮಾಡಿ.

ಈಗಲೂ ಜೋಳ ತರತಾನ.
ರೊಕ್ಕ ಬ್ಯಾಡ ಅನಬೇಕಂತ ವರ್ಷದಿಂದ ನಾಲಿಗಿ ತುದಿಗೆ ಬರತೈತಿ.
ಇಂಜಿನ್ನಿನ ಸಪ್ಪಳಕ್ಕ ಕೇಳಂಗಿಲ್ಲ ಅಂತ ಸುಮ್ಮನಾಗತೀನಿ.
ಅವ ಹಿಟ್ಟು ಮುಟ್ಟಿ ನೋಡಿ, ಬಿಸಿ ಐತಿ ಅಂತಾನ,
ಚಿಲ್ಲರ ಎಣಿಸಿ
ತಕ್ಕಡಿಮ್ಯಾಲೆ ಇಟ್ಟು ಹೋಗತಾನ.